ಬಲಕ್ಕೆ ತಿರುಗಿದ ನೀರುನಾಯಿ

"ಇದೇನು ಮಾಡಿದ್ದೀರಿ ವೆರೆನಾ?!"

ಬಣ್ಣದ ಗಾಜನ್ನು ಎದೆಗವಚಿಕೊಂಡು ಒಳನುಗ್ಗಿದ ಯೋಸ್ಟ್‌ನ ಮುಖ ಕೆಂಪೇರಿತ್ತು. ವೆರೆನಾ ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟಳು.

ಲುಸರ್ನ್ ಸರೋವರದ ದಡದಲ್ಲಿ ದೋಣಿ ಕಟ್ಟುವ ಯೋಸ್ಟ್, ತಂದೆ ಯಾರೆಂದು ತಿಳಿಯದೆ ಬೆಳೆದವನು. ದೋಣಿಗಾರರ ಸಂಘ ಅವನನ್ನು ಸೇರಿಸಿಕೊಂಡಾಗ, ಎಲ್ಲರಂತೆ ಅವನ ಲಾಂಛನದ ಗಾಜೂ ಸಂಘದ ಕಿಟಕಿಗೇರಬೇಕಿತ್ತು. ಮನೆತನದ ಲಾಂಛನವೇ ಇಲ್ಲದವನು ಹೊಸದೊಂದನ್ನು ಬರೆಸಲು ಗಾಜಿನ ಮೇಲೆ ಚಿತ್ರ ಬರೆಯುವ ಅಲೋಯ್ಸ್ ಮೇಸ್ತ್ರಿಯ ಮಗಳು ವೆರೆನಾಳ ಬಳಿ ಬಂದಿದ್ದ.

"ಎಲ್ಲರೂ ಸಿಂಹ, ಹದ್ದು ಕೇಳ್ತಾರೆ. ನಿಮಗೆ?" ಎಂದು ಅಂದು ಕೇಳಿದ್ದಳು ವೆರೆನಾ.

"ನೀರುನಾಯಿ. ಸಿಂಹ ನಾನು ನೋಡೇ ಇಲ್ಲ!"

ಅವಳು ಗಟ್ಟಿಯಾಗಿ ನಕ್ಕುಬಿಟ್ಟಿದ್ದಳು.

"ನಗಬೇಡಿ. ಯಾರೂ ಸಾಕದಿದ್ರೂ ಅದು ಬದುಕುತ್ತೆ. ಕೊರೆಯೋ ಚಳಿಯಲ್ಲೂ ಆಟ ಮರೆಯಲ್ಲ..."

ಅವಳ ನಗು ಅಲ್ಲೇ ನಿಂತಿತ್ತು. ಮನಸ್ಸು ಮಾತ್ರ ಅಂದಿನಿಂದ ನಿಲ್ಲಲಿಲ್ಲ.

ಈಗ ಅವನ ದನಿ ಒಡೆದಿತ್ತು. "ಕಿಟಕಿಯಲ್ಲಿ ಎಲ್ಲರ ಪ್ರಾಣಿಗಳೂ ಎಡಕ್ಕೆ ನೋಡ್ತಿವೆ, ನನ್ನದೊಂದೇ ಬಲಕ್ಕೆ! 'ಬೆನ್ನು ತಿರುಗಿಸಿ ಓಡೋ ಹೇಡಿ' ಅಂತ ಸಂಘವೆಲ್ಲ ನಕ್ಕಿತು. ಅಪ್ಪ ಇಲ್ಲದವನಿಗೆ ಇದೇ ಸಾಕು ಅನ್ನಿಸ್ತಾ?"

ವೆರೆನಾ ಗಾಜನ್ನು ನೋಡಿದಳು. ಅಯ್ಯೋ... ನಿಜ! ಬರೆಯುವಾಗ ಕೈ ತನಗೇ ಗೊತ್ತಿಲ್ಲದೆ ಹೀಗೆ ತಿರುಗಿಸಿತೇ?

ಅಲೋಯ್ಸ್ ಮೇಸ್ತ್ರಿ ಕನ್ನಡಕ ಏರಿಸಿ ಇಣುಕಿದರು. "ಇಷ್ಟು ವರ್ಷ ಕಲಿಸಿದ್ದೀನಿ. ತಪ್ಪಿದ್ದು ಕೈಯಲ್ಲ ಬಿಡು ಮಗಳೇ," ಎಂದು ಕೆಮ್ಮುತ್ತ ಹೊರಗೆ ಹೋದರು.

'ಕೈತಪ್ಪಾಯ್ತು, ಬೇರೆ ಬರೆದುಕೊಡ್ತೀನಿ' ಎಂದುಬಿಟ್ಟರೆ ಅವಳ ಗುಟ್ಟು ಉಳಿಯುತ್ತಿತ್ತು. ಆದರೆ ಅವನು? ಈ ಅವಮಾನ ಹೊತ್ತುಕೊಂಡೇ ಬಾಗಿಲು ದಾಟುತ್ತಾನೆ!

"ಅದು ಓಡ್ತಿಲ್ಲ ಯೋಸ್ಟ್..."

"ಮತ್ತೆ?"

"ಗಂಡಿನ ಲಾಂಛನ ಎಡಕ್ಕೆ, ಹೆಣ್ಣಿನದು ಬಲಕ್ಕೆ ಅಂತ ಅಕ್ಕಪಕ್ಕ ಬರೀತೀವಲ್ಲ, ಮದುವೆ ಗಾಜಿನಲ್ಲಿ? ಅದರಲ್ಲಿ ಮಾತ್ರ ಗಂಡಿನ ಪ್ರಾಣೀನ ಬಲಕ್ಕೆ ತಿರುಗಿಸ್ತೀವಿ. ಹೆಂಡತಿಗೆ ಬೆನ್ನು ಹಾಕಬಾರದು ಅಂತ."

"ಇದರ ಪಕ್ಕದಲ್ಲಿ ಯಾರೂ ಇಲ್ಲವಲ್ಲ!"

"ಗಾಜಿನ ಮೇಲೆ ಇಲ್ಲ..." ಅವಳ ಕಣ್ಣು ತುಂಬಿತು. "ಬರೆಯೋವಾಗ ನನ್ನ ತಲೆಯಲ್ಲಿ ಪಕ್ಕದಲ್ಲಿ ನಾನಿದ್ದೆ."

ಯೋಸ್ಟ್ ಗಾಜನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಇವಳು ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಹೊರಟೇಬಿಡುತ್ತಾನೆ...

ಒರಟು ಬೆರಳೊಂದು ಅವಳ ಕೆನ್ನೆಯ ನೀರು ಒರೆಸಿತು.

"ನಿಮ್ಮ ಮನೆ ಲಾಂಛನ ಏನು?"

"ಕೊಕ್ಕರೆ."

"ಕೆಟ್ಟೆವು! ಇಬ್ಬರೂ ಮೀನಿಗೇ ಕಾಯೋರು."

ಅಳುತ್ತಲೇ ನಕ್ಕಳು ವೆರೆನಾ. "ಮೀನು ನೀನು ಹಿಡಿದುಕೊಂಡು ಬಾ. ಮುಳ್ಳು ನಾನು ಬಿಡಿಸಿಕೊಡ್ತೀನಿ."