ಎಂಟನೆಯ ಅಲೆ

"ಆ ಎಂಟನೇ ಅಲಿ ಎಲ್ಲಿಂದ ಬಂತು ಅಂತ ತಿಳಿದ ದಿನ ಇದೇ ಮೆಟ್ಟಿಲಿಗೆ ಬರ್ತೀನಿ. ಮೊದಲು ನಿನಗ ಹೇಳ್ತೀನಿ. ನಿನ್ನಾಣಿ, ಸಂಗ್ಯಾ!"

ಹದಿನಾಲ್ಕು ವರ್ಷಗಳ ಹಿಂದೆ ಮಮದಾಪುರದ ಕೆರೆಯ ದಂಡೆಯಲ್ಲಿ ಕುಳಿತು ವಿಶಾಖಾ ಕೊಟ್ಟ ಮಾತು ಇದು. ಕೇಳಿಸಿಕೊಂಡವನು ಸಂಗನಬಸವ. ಇಬ್ಬರಿಗೂ ಆಗ ಹದಿನೆಂಟು.

ಆ ಎಂಟನೆಯ ಅಲೆಯನ್ನು ಮೊದಲು ಕಂಡವನು ಅವನೇ. ತೂಬು ತೆಗೆದಾಗ ಅದರ ಬಾಯಿಯ ಮೇಲೆ ನೀರು ಸುಳಿ ಸುತ್ತುತ್ತಿತ್ತು. ಗಾಳಿ ಎಬ್ಬಿಸಿದ ಅಲೆಗಳು ಸಾಲಾಗಿ ಬಂದು ಸುಳಿಯನ್ನು ಹಾಯುತ್ತಿದ್ದವು. ಸುಳಿಯ ಎಡಕ್ಕೆ ಎಣಿಸಿದರೆ ಏಳು ಸಾಲು, ಬಲಕ್ಕೆ ಎಣಿಸಿದರೆ ಎಂಟು! ಒಂದು ಸಾಲು ಸುಳಿಯವರೆಗೆ ಬಂದು ಅಲ್ಲೇ ಮುಗಿದುಹೋಗುತ್ತಿತ್ತು, ನೇಯ್ಗೆಯಲ್ಲಿ ಎಳೆಯೊಂದು ನಡುವೆಯೇ ನಿಂತ ಹಾಗೆ.

ಆ ಒಂದು ಎಳೆಯ ಬೆನ್ನು ಹತ್ತಿಯೇ ಅವಳು ಭೌತಶಾಸ್ತ್ರ ಓದಿದಳು. ಪುಣೆಯ ಪ್ರಯೋಗಾಲಯದವರೆಗೂ ಹೋದಳು.

ಈಗ ವಿಜಯಪುರದ ಕಾಲೇಜಿನಲ್ಲಿ ಪಾಠ. ಜಲನಗರದಲ್ಲಿ ತಾಯಿಯೊಂದಿಗೆ ಮನೆ. ಇಂದು ಲ್ಯಾಬಿನ ವಿದ್ಯುತ್ಕಾಂತದ ಕಾಯಿಲ್ ಸುಟ್ಟಿತ್ತು. "ತಿಕೋಟಾದಾಗ ಒಬ್ಬಾವ ಅದಾನ್ರಿ ಮೇಡಂ. ದ್ರಾಕ್ಷಿ ತೋಟದವರ ಮೋಟಾರೆಲ್ಲಾ ಅವನ ಹಂತೇಕನ ಬರ್ತಾವು" ಎಂದಿದ್ದ ಕಾಲೇಜಿನ ಜವಾನ. ಹೆಸರು ಹೇಳಿರಲಿಲ್ಲ.

ತಿಕೋಟಾದ ಆ ಅಂಗಡಿಯ ಹೊಸ್ತಿಲಲ್ಲೇ ಅವಳ ಕಾಲು ನಿಂತುಹೋಯಿತು.

ತಾಮ್ರದ ತಂತಿ ಸುತ್ತುತ್ತಿದ್ದವನು ತಲೆ ಎತ್ತಿದ. ಅವನ ಕೈಯೂ ನಿಂತಿತು.

"ಬರ್ರಿ ಮೇಡಂ. ಏನ್ ಸುಟ್ಟದ?"

ಮೇಡಂ...! ಒಂದೇ ಡಬ್ಬಿಯಲ್ಲಿ ರೊಟ್ಟಿ ಮುರಿದು ತಿಂದವನು ಇವನೇನಾ?

"ಕಾಯಿಲ್," ಎಂದಳು. "ಯಾವಾಗ ಆಗ್ತದ?"

"ಗುರುವಾರ. ಯಾರನ್ನರ ಕಳಸ್ರಿ. ನೀವ ಬರಬೇಕಂತಿಲ್ಲ."

ಅವಳು ತಿರುಗಿ ಹೊರಟಳು. ಎರಡು ಹೆಜ್ಜೆ ಇಟ್ಟವಳು ಮತ್ತೆ ಒಳಗೆ ಬಂದಳು.

"ಯಾಕ ಹಿಂಗ ಮಾತಾಡ್ತಿ ಸಂಗ್ಯಾ? ಸಿಟ್ಟು ಬರಬೇಕಾದದ್ದು ನನಗ!"

"ನಿನಗ?" ಅವನು ತಂತಿಯನ್ನು ಬದಿಗಿಟ್ಟ. "ಮೊದಲು ನನಗ ಹೇಳ್ತೀನಂದಾಕಿ, ಊರಿಗೆಲ್ಲಾ ಹೇಳಿದಿ. ನಾಕು ವರ್ಷದ ಹಿಂದ ಪೇಪರಿನ್ಯಾಗ ನಿನ್ನ ಫೋಟೋ. 'ಲೋಹದಲ್ಲಿ ಕಾಂತದ ಸುಳಿ ಕಂಡ ನಮ್ಮೂರ ಮಗಳು' ಅಂತ. ಚಾ ಅಂಗಡ್ಯಾಗ ಯಾರೋ ಗಟ್ಟಿಯಾಗಿ ಓದಾಕತ್ತಿದ್ರು. ಹಂಗ ಗೊತ್ತಾತು ನನಗ!"

"ಸುಳ್ಳು! ಆ ಪೇಪರ್ ಬರೂಕಿಂತ ಎಂಟು ದಿನ ಮೊದಲ ನಿನಗ ಬರೆದಿದ್ದೆ. 'ತಿಳೀತು, ರವಿವಾರ ಕೆರಿಗೆ ಬಾ' ಅಂತ. ಹೊತ್ತು ಮುಳುಗೂತನಾ ಅಲ್ಲೇ ಕುಂತಿದ್ದೆ..."

"ಎಲ್ಲಿ ಬರೆದಿದ್ದಿ? ನನಗ ಯಾವ ಕಾಗದಾನೂ ಬಂದಿಲ್ಲ."

"ಡಬ್ಬ್ಯಾಗ."

ಸಂಗನಬಸವ ಎದ್ದು ನಿಂತ.

ಆ ಡಬ್ಬಿ! ಇಬ್ಬರೂ ವಿಜಯಪುರದಲ್ಲಿ ಪಿಯುಸಿ ಓದುವಾಗ ಅವನ ತಾಯಿ ಗೌರಾಬಾಯಿ ಮಮದಾಪುರದಿಂದ ಮುಂಜಾನೆಯ ಬಸ್ಸಿಗೆ ಇಬ್ಬರಿಗೂ ಸೇರಿಸಿ ಬುತ್ತಿ ಕಳಿಸುತ್ತಿದ್ದಳು. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸು. ಕಡೆಯ ಡಬ್ಬಿ ವಿಶಾಖಾಳ ಬಳಿಯೇ ಉಳಿದಿತ್ತು. ನಾಲ್ಕು ವರ್ಷಗಳ ಹಿಂದೆ ಪುಣೆಯಿಂದ ದೀಪಾವಳಿಗೆ ಜಲನಗರಕ್ಕೆ ಬಂದಾಗ ಕಾಗದವನ್ನು ಅದರಲ್ಲಿಟ್ಟು, ಹಳೆಯ ರೂಢಿಯಂತೆ ಕಂಡಕ್ಟರನ ಕೈಗೆ ಕೊಟ್ಟಿದ್ದಳು. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ ಅದು.

"ಮರುದಿನ ಡಬ್ಬಿ ವಾಪಸ್ ಬಂತು," ಎಂದಳು ಅವಳು. "ರೊಟ್ಟಿ, ಚಟ್ನಿ-ಹಿಂಡಿ. ಕೆಳಗ ನನ್ನ ಕಾಗದ, ಹಂಗ ಮಡಿಚಿದ್ದು. ಊಟ ಮಾಡಿ ಸುಮ್ಮನಿರು ಅಂತ ಹೇಳಿದಿ ಅಂದ್ಕೊಂಡೆ. ಅಳಕೋತ ತಿಂದೆ. ಆದ್ರೂ ಬರ್ತಿ ಅಂತ ರವಿವಾರ ಕೆರಿಗೆ ಹೋದೆ..."

ಸಂಗನಬಸವ ಅವಳನ್ನೇ ನೋಡಿದ. ಆ ವರ್ಷ ಅವನು ತಿಕೋಟಾದಲ್ಲಿ ರೂಮು ಹಿಡಿದಿದ್ದ. ಊರಿನ ಮನೆಯಲ್ಲಿ ತಾಯಿ ಒಬ್ಬಳೇ. ಫೋನು ತೆಗೆದು ಸ್ಪೀಕರ್ ಒತ್ತಿದ.

"ಯವ್ವಾ, ಹಿಂದ ಒಮ್ಮೆ ದೀಪಾವಳಿಗೆ ವಿಶಾಖಾನ ಡಬ್ಬಿ ಬಂದಿತ್ತೇನು?"

"ಬಂದಿತ್ತಲ್ಲೋ ಯಪ್ಪಾ. ಖಾಲಿ ಡಬ್ಬಿ. ಪಾಪ, ಹುಡುಗಿ ಹಸ್ತಿದ್ದಾಳು ಅಂತ ನಾಕು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಹಾಕಿ ಬಸ್ಸಿಗೆ ಕೊಟ್ಟೆ."

"ಒಳಗ ಕಾಗದ ಇತ್ತಂತ!"

"ಇತ್ತು. ಎಣ್ಣಿ ಹೀರಲಿ ಅಂತ ತಳಕ್ಕ ಬಿಟ್ಟೆ. ಚಲೋ ದಪ್ಪ ಇತ್ತು ನೋಡು." ಗೌರಾಬಾಯಿಗೆ ಓದು ಬಾರದು. "ಯಾಕೋ, ಹಿಂಡಿ ಖಾರಾಗಿತ್ತೇನು?"

ವಿಶಾಖಾ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂದವು. ನಾಲ್ಕು ವರ್ಷ... ನಾಲ್ಕು ರೊಟ್ಟಿಯ ಕೆಳಗೆ!

"ನಡಿ," ಎಂದ ಅವನು, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ನಾಳಿ ತೂಬು ಮುಚ್ಚತಾರ. ಇವತ್ತು ಸುಳಿ ಐತಿ."

ಬಬಲೇಶ್ವರ ದಾಟಿ ಮಮದಾಪುರ ಮುಟ್ಟುವಾಗ ಬಿಸಿಲು ಇಳಿದಿತ್ತು. ಅದೇ ಮೆಟ್ಟಿಲು. ಅದೇ ಗಾಳಿ. ಮೂಲೆ ಒಡೆದ ಅದೇ ಕಲ್ಲಿನ ಮೇಲೆ ಅವನು ಕುಳಿತ. ಅವಳ ಜಾಗ ಬಿಟ್ಟೇ ಕುಳಿತ.

"ಏಳು," ಎಡಕ್ಕೆ ಎಣಿಸಿದ. "ಎಂಟು," ಬಲಕ್ಕೆ. "ಈಗ ಹೇಳು. ಪೇಪರಿನ್ಯಾಗ ಬಂದದ್ದು ಬ್ಯಾಡ."

"ಅದು ಲೋಹದ್ದು. ಕಾಗದಕ್ಕಿಂತ ತೆಳ್ಳನ ಲೋಹದಾಗ ಸಣ್ಣ ಸಣ್ಣ ಕಾಂತಗಳು ಹಿಂಗ ಸುಳಿ ಸುತ್ತತಾವು. ಅದನ್ನ ನೋಡಿದ ಮ್ಯಾಲ ನೀರಿಂದು ತಿಳೀತು. ನೀರಿಂದು ಯಾರಿಗೂ ಹೇಳಿಲ್ಲ..." ಅವಳು ಬೆರಳು ತೋರಿಸಿದಳು. "ಸುಳಿಯ ಒಂದು ಮಗ್ಗಲು ನೀರು ಅಲಿಯ ಜೋಡಿ ಹೋಗ್ತದ, ಅಲ್ಲಿ ಅಲಿ ಮುಂದ ಓಡ್ತದ. ಇನ್ನೊಂದು ಮಗ್ಗಲು ನೀರು ಎದುರು ಬರ್ತದ, ಅಲ್ಲಿ ಹಿಂದ ಬೀಳ್ತದ. ಎರಡೂ ಕಡೆ ಕೂಡಿ ಪೂರ್ತಿ ಒಂದು ಅಲಿಯಷ್ಟು ಫರಕು. ಅದ ನಿನ್ನ ಎಂಟನೇದು."

"ಗಾಳಿ ಜೋರ ಬೀಸಿದ್ರ ಹೋಗ್ತದೇನು?"

"ಇಲ್ಲ. ಅಲಿ ಅತ್ತಿತ್ತ ಸರೀತಾವು. ಲೆಕ್ಕ ತಪ್ಪೂದಿಲ್ಲ. ಸುಳಿ ಇರೂತನಾ ಆ ಒಂದು ಇರ್ತದ."

ಅವನು ಮತ್ತೊಮ್ಮೆ ಬಲದ ಸಾಲು ಎಣಿಸಿದ.

"ನನ್ನೊಳಗೂ ಒಂದು ಉಳದಿತ್ತು, ವಿಶಾಖಾ. ಮದವಿ ಮಾಡ್ಕೋ ಅಂತ ಎಲ್ಲಾರೂ ಅಲ್ಲಾಡಿಸಿ ನೋಡಿದ್ರು... ಹೋಗಲಿಲ್ಲ."

ಅವಳು ಮೆಲ್ಲಗೆ ಅವನ ಗ್ರೀಸಿನ ಬೆರಳು ಹಿಡಿದಳು.

"ಡಬ್ಬಿ ಇನ್ನೂ ನನ್ನ ಹಂತೇಕ ಐತಿ. ಅತ್ತೆಗೆ ವಾಪಸ್ ಕೊಡಬೇಕು."

"ಅತ್ತೆಗೆ?" ಅವನ ಮುಖ ಅರಳಿತು. "ಖಾಲಿ ಒಯ್ಯಬ್ಯಾಡ ಮತ್ತ. ತುಂಬಿ ಕಳಿಸಿಬಿಡ್ತಾಳ ಆಕಿ!"

ಕತ್ತಲಾಗುವವರೆಗೂ ಅವರು ಅಲೆ ಎಣಿಸಿದರು.

ವಿಶಾಖಾ ಕೊಟ್ಟ ಮಾತು ಉಳಿಸಿಕೊಂಡಳು. ನಾಲ್ಕು ವರ್ಷ ತಡವಾಗಿತ್ತು.