ಮಾಲಿಗೆ ನುಗ್ಗಿದ ನೀರು

ಕೇಳಬಾರದ್ದನ್ನು ಕೇಳಿದವನು ಭತ್ತದ ವ್ಯಾಪಾರಿ ಅಂದಪ್ಪ. ಅದೂ ಎಲ್ಲಿ? ಮದುವೆಯ ಪಂಕ್ತಿಯಲ್ಲಿ, ನಾಲ್ಕು ಮಂದಿಯ ಎದುರಿಗೆ, ಎಲೆಗೆ ಮಾದಲಿ ಬೀಳುತ್ತಿದ್ದಾಗ.

"ಪ್ರಭುರಾಜಣ್ಣಾರ, ನಿಮ್ಮ ಮಾಲ್ ಹ್ಯಾಂಗೂ ಖಾಲಿನ ಐತಲ್ರಿ. ಈ ಸುಗ್ಗಿಗೆ ಭತ್ತದ ಚೀಲಾ ಇಡಾಕ ಕೊಡ್ರಿ. ಗಾಳಿ ಛಲೋ ಆಡತೈತಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಪ್ಪ ಬಡಿಸುವವನೂ ಮಿಳ್ಳೆ ಹಿಡಿದುಕೊಂಡೇ ನಕ್ಕ. ಪ್ರಭುರಾಜನೂ ನಕ್ಕ, ಪಾಪ, ಇನ್ನೇನು ಮಾಡುತ್ತಾನೆ? ಆದರೆ ಆ ಮಾದಲಿಯನ್ನು ಎಲೆಯ ಅಂಚಿಗೆ ಸರಿಸಿಬಿಟ್ಟ.

ಗಂಗಾವತಿ ಮುಗಿದು ಗದ್ದೆ ಶುರುವಾಗುವ ಕಡೆ, ಕೊಪ್ಪಳದ ರಸ್ತೆಯ ಮಗ್ಗುಲಿಗೆ, ಅಪ್ಪನ ಗದ್ದೆಯಲ್ಲಿ ಅವನು ಎಬ್ಬಿಸಿದ 'ಪ್ರಭು ಗ್ಯಾಲಕ್ಸಿ' ಮಾಲ್ ಒಂದು ಕಾಲಕ್ಕೆ ಏನು ಮೆರೆದಿತ್ತು! ಕನಕಗಿರಿಯಿಂದ, ಇರಕಲ್ಲಗಡದಿಂದ ಟಂಟಂ ತುಂಬಿ ಜನ ಬರುತ್ತಿದ್ದರು. ಬಟ್ಟೆಗಲ್ಲ, ಓಡುವ ಮೆಟ್ಟಿಲಿಗೆ. ಮುದುಕಿಯರು ಎಸ್ಕಲೇಟರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಚಪ್ಪಲಿ ಕೆಳಗೇ ಬಿಟ್ಟು ಹತ್ತುತ್ತಿದ್ದರು. ಆಮೇಲೆ ಚಪ್ಪಲಿಯ ಚಿಂತೆ ಹತ್ತಿ, ಏರುವ ಮೆಟ್ಟಿಲಲ್ಲೇ ಇಳಿಯಲು ಹೋಗಿ, ನಡೆದಷ್ಟೂ ನಿಂತಲ್ಲೇ ಇರುತ್ತಿದ್ದರು. ಪ್ರಭುರಾಜ ಮೇಲಿನ ಮಹಡಿಯ ಕಟಕಟೆ ಹಿಡಿದು ಆ ಗದ್ದಲವನ್ನು ಕಣ್ತುಂಬ ನೋಡುತ್ತಿದ್ದ. ಅವನಂಥ ಸುಖಿ ಆಗ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

ಮೆಟ್ಟಿಲಿನ ಹುಚ್ಚು ಇಳಿಯಿತು. ಅಂಗಡಿ ಎಲ್ಲರ ಕೈಯ ಫೋನಿನೊಳಗೇ ಬಂತು. ಕೊನೆಕೊನೆಗೆ ಮಾಲಿನಲ್ಲಿ ಬಟ್ಟೆ ಮಾರುವ ಹುಡುಗಿಯರೇ ತಮ್ಮ ಚೂಡಿದಾರವನ್ನು ಫೋನಿನಲ್ಲಿ ತರಿಸಿಕೊಂಡರು. ಪೊಟ್ಟಣ ತಂದವರು ಎಸಿಯ ಕೆಳಗೆ ನಿಂತು ಬೆವರು ಆರಿಸಿಕೊಂಡು ಹೋಗುತ್ತಿದ್ದರು. ಎಸಿ ನಿಂತಿತು, ಅವರೂ ಬರುವುದನ್ನು ಬಿಟ್ಟರು. ಬಾಗಿಲು ಹಾಕಿಬಿಡೋಣವೆಂದರೆ ಊರು ನಗುತ್ತದೆ, ತೆರೆದಿಡೋಣವೆಂದರೆ ಅಂದಪ್ಪ ನಗುತ್ತಾನೆ. ನಷ್ಟವನ್ನಾದರೂ ತಡೆದುಕೊಂಡಾನು, ಆ ನಗುವನ್ನು ಮಾತ್ರ ಪ್ರಭುರಾಜನಿಗೆ ತಡೆಯಲಾಗುತ್ತಿರಲಿಲ್ಲ.

ಉಪಾಯ ಹೊಳೆದದ್ದು ಟಿವಿಯ ಎದುರು. ಯಾವುದೋ ಊರಲ್ಲಿ ಮಳೆನೀರು ನುಗ್ಗಿ ಅಂಗಡಿ ಮುಳುಗಿತ್ತು. ಅದರ ಮಾಲೀಕ ಅಳುತ್ತಿದ್ದ, ಸುತ್ತ ನಿಂತವರು ಅವನ ಬೆನ್ನು ಸವರುತ್ತಿದ್ದರು. ಒಬ್ಬರೂ ನಗುತ್ತಿರಲಿಲ್ಲ! ಪ್ರಭುರಾಜ ತೊಡೆ ತಟ್ಟಿಕೊಂಡು ಎದ್ದ. ಮಾಲಿಗೆ ವಿಮೆ ಇತ್ತು. ಮಳೆ ಹಾನಿಯೂ ಅದರಲ್ಲಿ ಸೇರಿತ್ತು. ಪರಿಹಾರಕ್ಕೆ ಪರಿಹಾರ, ಮರ್ಯಾದೆಗೆ ಮರ್ಯಾದೆ.

ಮಳೆಯನ್ನೇ ನಂಬಿ ಕೂಡುವಷ್ಟು ದಡ್ಡ ಅವನಲ್ಲ. ಮಾಲಿನ ಬೆನ್ನಿಗೇ ಕಾಲುವೆ ಇತ್ತು. ಅಪ್ಪನ ಕಾಲದ ತೂಬಿನ ಬಾಗಿಲು ತುಕ್ಕು ಹಿಡಿದಿದ್ದರೂ ಗಟ್ಟಿಯಾಗಿತ್ತು. ಅಲ್ಲಿಂದ ಹೊರಟ ಹಳೆಯ ಹೊಲಗಾಲುವೆ ಕಾಂಪೌಂಡಿನಡಿ ನುಸುಳಿ, ನೆಲಮಾಳಿಗೆಯ ಇಳಿಜಾರಿಗೇ ಬಂದು ನಿಲ್ಲುತ್ತಿತ್ತು. ದೊಡ್ಡ ಮಳೆಯೊಂದು ಬರಲಿ. ಹೆಸರು ಮಳೆಯದು, ಕೆಲಸ ಕಾಲುವೆಯದು.

ಸುಣ್ಣ ಹಚ್ಚಿಸುವ ನೆಪದಲ್ಲಿ ಮೇಲಿನ ಮಹಡಿಯ ಮಾರಾಟವಾಗದ ಸರಕನ್ನೆಲ್ಲ, ಶೇರ್ವಾನಿ, ಸೋಫಾ, ಬಟ್ಟೆ ತೊಡಿಸುವ ಬೊಂಬೆ ಸಮೇತ, ನೆಲಮಾಳಿಗೆಗೆ ಇಳಿಸಿದ.

"ಸುಣ್ಣಾ ಯಾಕ್ರಿ ಈಗ? ನೋಡಾಕ ಬರೋರು ಯಾರದಾರ?" ಎಂದಳು ಹೆಂಡತಿ ಲಲಿತಾ.

"ಬರ್ತಾರ, ಬರ್ತಾರ. ನೀ ನೋಡಕೋಂತ ಇರು," ಎಂದು ಅವನು ಸಿಳ್ಳೆ ಹಾಕಿದ. ಲಲಿತಾ ಗಂಡನ ಹಣೆ ಮುಟ್ಟಿ ನೋಡಿ ಒಳಗೆ ಹೋದಳು.

ಮಳೆ ಬಂತು. ಮಟಮಟ ಮಧ್ಯಾಹ್ನ ಆಕಾಶ ಕಪ್ಪಾಗಿ, ಕೊಡ ಬೋರಲು ಹಾಕಿದ ಹಾಗೆ ಸುರಿಯಿತು. ಪ್ರಭುರಾಜ ತಲೆಗೆ ಗೊಬ್ಬರದ ಚೀಲ ಹೊದ್ದು, ಸಲಿಕೆ ಹೆಗಲಿಗಿಟ್ಟು ಹೊರಟ. ಮಳೆಯಲ್ಲಿ ಸಲಿಕೆ ಹಿಡಿದವನನ್ನು ಈ ಸೀಮೆಯಲ್ಲಿ ಯಾರು ಅನುಮಾನಿಸುತ್ತಾರೆ? ಎದುರಿಗೆ ಬಂದ ರೈತನೊಬ್ಬ, "ನೀರು ತಿರುವಾಕ ಹೊಂಟೀರೇನ್ರಿ?" ಎಂದು ಕೇಳಿ ಉತ್ತರಕ್ಕೂ ಕಾಯದೆ ಓಡಿದ. ತೂಬು ತೆರೆದದ್ದೇ ತಡ, ನೀರು ತವರು ಕಂಡ ಮಗಳ ಹಾಗೆ ಓಡಿತು. ನೆಲಮಾಳಿಗೆಯಲ್ಲಿ ಸೋಫಾ ತೇಲಿದವು, ಶೇರ್ವಾನಿ ತೊಟ್ಟ ಬೊಂಬೆಗಳು ಒಂದರ ಬೆನ್ನಿಗೊಂದು ಈಜಿದವು. ಪ್ರಭುರಾಜ ಖುಷಿ ತಡೆಯಲಾಗದೆ, ಇಳಿಜಾರಿನ ಮೇಲೆ ನಿಂತು ಒಬ್ಬನೇ ಕುಣಿದ. ನೀರು ಸಾಕಷ್ಟು ಏರಿದ ಮೇಲೆ ತೂಬು ಮುಚ್ಚಿ, ಹೊಲಗಾಲುವೆಗೆ ಮಣ್ಣು ಎಳೆದ. ಹೆಜ್ಜೆ ಗುರುತನ್ನು ಮಳೆಯೇ ಒರೆಸಿತು.

ಮರುದಿನ ಗಂಗಾವತಿಗೆ ಗಂಗಾವತಿಯೇ ಮರುಗಿತು. ಅಂದಪ್ಪ ಬಂದು ಎರಡೂ ಕೈ ಹಿಡಿದುಕೊಂಡ.

"ತಪ್ಪಾತ್ರಿ ಅಣ್ಣಾರ. ಅವತ್ತ ನಗಬಾರ್ದಿತ್ತು ನಾ."

ಪ್ರಭುರಾಜನ ಕಣ್ಣಲ್ಲಿ ನೀರು ಬಂತು. ಖರೇ ನೀರು. ಅಷ್ಟು ಆನಂದವಾಗಿತ್ತು ಅವನಿಗೆ.

ವಿಮೆ ಕಂಪನಿಯಿಂದ ಬಂದ ಪರಮೇಶ ಮೆತ್ತಗಿನ ಮನುಷ್ಯ. ಚಹಾ ಕುಡಿಯುತ್ತ ಒಂದೇ ಮಾತು ಕೇಳಿದ: "ಹಿಂದ ಕಾಲುವಿ ಐತಲ್ರಿ, ಅದೇನರ ಒಡೆದಿತ್ತೇನು?"

ಈ ಪ್ರಶ್ನೆಗೆ ಪ್ರಭುರಾಜ ಎಂದೋ ತಯಾರಾಗಿದ್ದ. ಕಾಲುವೆಯ ಹೆಸರೆತ್ತಿದರೆ ನೀರಾವರಿಯವರು ಬರುತ್ತಾರೆ, ತೂಬು ನೋಡುತ್ತಾರೆ.

"ದೇವರಾಣೆ ಇಲ್ರಿ. ಕಾಲುವಿ ನೀರು ಒಂದು ಹನಿ ಸುದ್ದಾ ಬಂದಿಲ್ಲ. ಎಲ್ಲಾ ರಸ್ತಾದ ಮ್ಯಾಲಿಂದ ಹರಿದ ಮಳಿ ನೀರು."

"ಹಂಗಾದ್ರ ಮುಗೀತ್ರಿ. ಪಂಪ್ ಹಚ್ಚೀರಲ್ಲ, ನೀರು ಇಳಿದಕೂಡ್ಲೆ ನಾಕು ಫೋಟೋ ಹೊಡಕೊಂಡು ಹೊಂಡತೀನಿ," ಎಂದ ಪರಮೇಶ. ಪ್ರಭುರಾಜ ಅವನಿಗೆ ಇನ್ನೊಂದು ಚಹಾ ಹೇಳಿದ.

ನೀರು ಮೊಣಕಾಲಿಗಿಳಿಯಿತು, ಪಾದಕ್ಕಿಳಿಯಿತು. ಆಗ ಕೆಸರು ಬಳಿಯಲು ಇಳಿದಿದ್ದ ಕಸಗುಡಿಸುವ ತಾಜಬೀ ಕೂಗಿದಳು: "ಸಾವ್ಕಾರ್ರ, ಲಗೂ ಬುಟ್ಟಿ ಕೊಡ್ರಿ! ಮೀನಾ! ಎಲ್ಲಿ ನೋಡಿದ್ರೂ ಮೀನಾ!" ಸುದ್ದಿ ರಸ್ತೆಗೆ ಮುಟ್ಟಿತು, ಬುಟ್ಟಿ, ಬಕೆಟ್ಟು, ಹಳೆಯ ಸೀರೆ ಹಿಡಿದು ಜನ ಇಳಿಜಾರು ತುಂಬಿದರು. ಅಷ್ಟು ಮಂದಿ ಆ ಮಾಲಿಗೆ ಎಸ್ಕಲೇಟರಿನ ಕಾಲದಲ್ಲೂ ಬಂದಿರಲಿಲ್ಲ. ಸೋಫಾದ ಸಂದಿನಲ್ಲಿ, ಬೊಂಬೆಗಳ ಶೇರ್ವಾನಿಯೊಳಗೆ, ಎಲ್ಲೆಲ್ಲೂ ಪಟಪಟ ಬಡಿದುಕೊಳ್ಳುವ ಮೀನು. ಏಳು ತಲೆಮಾರಿನಿಂದ ಮೀನಿನ ವಾಸನೆ ಸುಳಿಯದ ಮನೆ ಪ್ರಭುರಾಜನದು. ಮೀನಿನ ಅಂಗಡಿ ಬಂದರೆ ಮೂಗು ಮುಚ್ಚಿ ಮುಖ ತಿರುಗಿಸಿ ನಡೆದವನು. ಕಾಲುವೆಯ ನೀರೆಂದರೆ ಹುಟ್ಟಿದಾಗಿನಿಂದ ಅವನ ಕಣ್ಣಿಗೆ ಭತ್ತವೊಂದೇ ಕಂಡಿತ್ತು. ಪರಮೇಶ ಪ್ಯಾಂಟು ಮಡಚಿ ಕೆಸರಿಗಿಳಿದು, ಮೊಳದುದ್ದದ ಮೀನೊಂದನ್ನು ಎರಡೂ ಕೈಯಲ್ಲಿ ಎತ್ತಿ, ಅದು ಜಿಗಿಯದ ಹಾಗೆ ಎದೆಗೊತ್ತಿಕೊಂಡು, ಮೊದಲಿನಷ್ಟೇ ಮೆತ್ತಗೆ ಕೇಳಿದ: "ಪ್ರಭುರಾಜರ, ಇದೂ ರಸ್ತಾದ ಮ್ಯಾಲಿಂದನ ಬಂತೇನ್ರಿ?"