ತಿರುಗಿ ಬಂದ ಹೊಗೆ

ನಾಳೆ ಬೆಳಿಗ್ಗೆ ತನ್ನನ್ನು ತವರಿಗೆ ಕಳಿಸುತ್ತಾರೆ, ಮತ್ತೆ ಕರೆಸಿಕೊಳ್ಳುವ ಮಾತಿಲ್ಲ ಎಂದು ಭಾಗ್ಯಾ ಹೇಳಿದಾಗ ಲಕ್ಕವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ಬಾಗಿಲ ಬಳಿ ಹಾರ್ಮೋನಿಯಂ ಒರೆಸುತ್ತಿದ್ದ ಮಡಿವಾಳಪ್ಪನ ಕೈ ಮಾತ್ರ ನಿಂತಿತು. ಲಕ್ಕವ್ವ ಪೊಲೀಸ್ ನೌಕರಿಯಿಂದ ನಿವೃತ್ತಳಾಗಿ ಸಿಂದಗಿಯಲ್ಲೇ ನೆಲೆನಿಂತ ಮೇಲೆ ಊರವರು ಬಿಡಿಸಲಾರದ ಗಂಟುಗಳೆಲ್ಲ ಅವಳ ಕಟ್ಟೆಗೆ ಬರುತ್ತಿದ್ದವು. ಮಠದ ಪುರಾಣಕ್ಕೆ ಹಾರ್ಮೋನಿಯಂ ಹಿಡಿಯುವ ನೆರೆಮನೆಯ ಮಡಿವಾಳಪ್ಪ ಅವಕ್ಕೆಲ್ಲ ಸಾಕ್ಷಿ.

ಭಾಗ್ಯಾಳ ತವರು ತಾಂಬಾ. ಓಣಿಯ ಕೊನೆಮನೆಯ ಕಸ್ತೂರೆವ್ವನ ಮಗ ಅರುಣಕುಮಾರನನ್ನು ಮದುವೆಯಾಗಿ ಬಂದು ಇನ್ನೂ ಮನೆಯ ಗಡಿಗೆಗಳ ಗುರುತು ಹತ್ತಿರಲಿಲ್ಲ. ಆ ಹೊತ್ತಿಗೇ ಅವರ ಕಾರಿನ ರೇಡಿಯೇಟರ್ ಸೋರಿತ್ತು. ಗ್ಯಾರೇಜಿನ ಮೋದಿನಸಾಬ ಹೊಸದು ಕೂಡಿಸಿಕೊಟ್ಟಿದ್ದ. ರಿಪೇರಿಯಾಗಿ ಬಂದ ಕಾರು ನೆಟ್ಟಗಾಗುವ ಬದಲು ಕುದಿಯಹತ್ತಿತು. ಅದೂ ಭಾಗ್ಯಾ ಕೂತಾಗ ಮಾತ್ರ. ಅವಳ ಕಾಲ್ಗುಣವೇ ಸರಿಯಿಲ್ಲ ಎಂದು ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು. ಅಮಾವಾಸ್ಯೆಯ ಗಾಡಿಪೂಜೆಯ ದಿನ ಅದು ಖರೇ ಆಯಿತು.

"ಬಜಾರದಿಂದ ಆಗಷ್ಟ ಬಂದಿದ್ದಿವ್ರಿ, ಎಂಜಿನ್ ಚಾಲೂನ ಇತ್ತು," ಎಂದಳು ಭಾಗ್ಯಾ. "ಮುಂದ ಫ್ಯಾನು ಗರ್ರಂತ ತಿರಗಾಕತ್ತಿತ್ತು. ನಾ ಊದಿನಕಡ್ಡಿ ಬೆಳಗಿದ್ರ ಹೊಗಿ ಕಾರಿನ ಕಡೆ ಹೋಗಲೇ ಇಲ್ಲ. ತಿರುಗಿ ನನ್ನ ಮಾರಿಗೇ ಬಂತು. ಬೂದಿ ಸೈತ ಸೀರಿಮ್ಯಾಲ ಬಿತ್ತು. ನಿನ್ನ ಧೂಪ ದೇವರು ಒಲ್ಲೆ ಅಂತಾನ ಅಂದ್ರು ಅತ್ತಿ."

"ಗಾಳಿ ಇತ್ತೇನ್ ತಂಗಿ?"

"ಬೇವಿನ ಎಲಿ ಅಲಗಾಡತಿದ್ದಿಲ್ರಿ."

ಕಾರು ಎಲ್ಲೆಲ್ಲಿ ಕುದಿಯಿತು ಎಂದು ಲಕ್ಕವ್ವ ಕೇಳಿದಳು. ಸಿಂದಗಿ ಬಜಾರಿನಲ್ಲಿ, ಬಸ್‌ಸ್ಟ್ಯಾಂಡಿನ ಮುಂದೆ, ತಾಂಬಾ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ. ತಾಯಿ ಮಗ ಇಬ್ಬರೇ ಮುದ್ದೇಬಿಹಾಳಕ್ಕೆ, ಬಸವನ ಬಾಗೇವಾಡಿಗೆ ಹೋಗಿಬಂದಾಗ ಏನೂ ಆಗಿರಲಿಲ್ಲ.

"ಅಲ್ಲಿಗೆ ನಿನ್ನ ಗಂಡ ಗಾಡಿ ಹ್ಯಾಂಗ ಓಡಸ್ತಾನ?"

"ಹಾರಿಸ್ಕೊಂಡ ಹೋಗ್ತಾರಂತ್ರಿ. ಅತ್ತಿ ಕಣ್ಣು ಮುಚ್ಚಿ ಕುಂತಿರತಾರಂತ."

ಭಾಗ್ಯಾ ಹೋದ ಮೇಲೆ ಮಡಿವಾಳಪ್ಪ ಮೆಲ್ಲಗೆ, ಹೊಗೆ ತಿರುಗುವುದು ಒಳ್ಳೆಯ ಲಕ್ಷಣವಲ್ಲವೆಂದು ತಾನೂ ಕೇಳಿರುವುದಾಗಿ ಹೇಳಿದ.

"ಹೊಗಿ ಸುಳ್ಳು ಹೇಳೂದಿಲ್ಲ, ಮಡಿವಾಳಪ್ಪ. ಅದು ಏನ್ ಹೇಳ್ತು ಅನ್ನೂದು ನಾವು ಕೇಳಬೇಕು," ಎಂದು ಲಕ್ಕವ್ವ ಚಪ್ಪಲಿ ಮೆಟ್ಟಿದಳು.

ಗ್ಯಾರೇಜಿಗೆ ನಡೆಯುವಾಗ ಅರುಣಕುಮಾರನ ಕಾರು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು. ಮಡಿವಾಳಪ್ಪನ ಕಿವಿ ತಾನಾಗಿ ಅದರ ಸ್ವರ ಹಿಡಿಯಿತು. "ಷಡ್ಜ, ಪಂಚಮ. ಎರಡು ಸ್ವರ ಅದಾವ್ರಿ ಅಕ್ಕಾರ," ಎಂದ. ಲಕ್ಕವ್ವ ಅವನತ್ತ ತಿರುಗಿ ನೋಡಿದಳು.

ಕಸ್ತೂರೆವ್ವನ ಬೈಗುಳ ಮೋದಿನಸಾಬನ ಗ್ಯಾರೇಜಿನವರೆಗೂ ಬಂದು ಹೋಗಿತ್ತು. ಅವನ ಉತ್ತರದಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ರೇಡಿಯೇಟರ್ ಹೊಸದು, ಪಂಪೂ ಹೊಸದು. ನೀರಿನಲ್ಲಿ ಸಿಕ್ಕ ಗಾಳಿಯನ್ನೂ ತೆಗೆದಿದ್ದ. ಕೊಡುವ ಮುಂಚೆ ಫ್ಯಾನು ಚಾಲೂ ಆಗುವವರೆಗೆ ಎಂಜಿನ್ ನಿಂತಲ್ಲೇ ಓಡಿಸಿದ್ದ. ಕಾರಿನ ಮುಂದಿನ ಜಾಲರಿಗೆ ಪೇಪರಿನ ಹಾಳೆ ಹಿಡಿದಾಗ ಅದು ಗಪ್ಪನೆ ಅಂಟಿಕೊಂಡಿತ್ತು.

"ಗಾಡಿ ಮತ್ತ ತೋರಸು ಅಂತ ಆ ಹುಡುಗಗ ಎಷ್ಟ ಸಲ ಅಂದೆ. ಹ್ಞೂಂ ಅಂದಾ, ತರಲಿಲ್ಲ."

"ಹಾರ್ನ್ ಹ್ಯಾಂಗಿತ್ತೋ ಮೋದಿನ?"

"ಹಾರ್ನ್ ಏನ್ರಿ ಅವ್ವಾರ, ನೆಗಡಿ ಬಂದ ಕ್ವಾಣ ಒದರಿದಂಗ. ಅದಕ್ಕ ನಾ ಕೈ ಹಚ್ಚಿಲ್ಲ."

ಸಂಜೆ ಲಕ್ಕವ್ವ ಕಸ್ತೂರೆವ್ವನ ಮನೆಯಲ್ಲಿ ಚಹಾ ಕುಡಿದಳು. ಕಾರು ಕುದಿಯುವ ಸುದ್ದಿ ಎತ್ತಲಿಲ್ಲ. ಗೋಡೆಗೆ ಜೋತಿದ್ದ ಮೊಬೈಲ್ ಚಾರ್ಜರಿನ ಹರಿದ ವೈರಿಗೆ ಸುತ್ತಿದ್ದ ಹಸಿರು ಟೇಪನ್ನು ಮಡಿವಾಳಪ್ಪನೂ ನೋಡಿದ. ಮನೆಯ ವೈರಿನ ಕೆಲಸವೆಲ್ಲ ಮಗನೇ ಮಾಡುತ್ತಾನೆ, ಮೊಬೈಲ್ ನೋಡಿಯೇ ಕಲಿತ ಎಂದು ಕಸ್ತೂರೆವ್ವ ಹೆಮ್ಮೆಯಿಂದ ಹೇಳಿದಳು. ಸೊಸೆಯನ್ನು ಕಳಿಸುವ ಮುಂಚೆ ಇನ್ನೊಮ್ಮೆ ಗಾಡಿಪೂಜೆ ಮಾಡಿಬಿಡೋಣ ಎಂದು ಲಕ್ಕವ್ವ ಎದ್ದಳು.

ಬೆಳಿಗ್ಗೆ ಭಾಗ್ಯಾಳ ಚೀಲ ಕಟ್ಟೆಯ ಮೇಲಿತ್ತು. ಅಂಗಳದಲ್ಲಿ ಎಂಜಿನ್ ಓಡುತ್ತಿತ್ತು. ಮೋದಿನಸಾಬ ದೂರ ನಿಂತಿದ್ದ. ಫ್ಯಾನು ಗರ್ರೆಂದಾಗ ಲಕ್ಕವ್ವ ಊದಿನಕಡ್ಡಿ ಹಚ್ಚಿ ಕಸ್ತೂರೆವ್ವನ ಕೈಗೆ ಕೊಟ್ಟಳು.

"ನೀವ ಬೆಳಗ್ರಿ."

ಕಸ್ತೂರೆವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಕಾರಿನ ಮುಂದೆ ಬಗ್ಗಿದಳು. ಹೊಗೆ ಹೊರಳಿ ಅವಳ ಮುಖಕ್ಕೇ ಬಂತು. ಅವಳು ಕೆಮ್ಮಿದಳು.

"ಈಗ ಯಾರ ಕಾಲ್ಗುಣ ಅನ್ನೂಣ್ರಿ ಕಸ್ತೂರೆವ್ವ?"

ಲಕ್ಕವ್ವ ಠಾಣೆಯಲ್ಲಿ ವರದಿ ಒಪ್ಪಿಸುವ ದನಿಯಲ್ಲಿ ಬಿಡಿಸಿ ಹೇಳಿದಳು. ಕಾರು ಜೋರಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತದೆ. ಮುದ್ದೇಬಿಹಾಳದ ದಾರಿಯಲ್ಲಿ ಕುದಿಯದಿದ್ದುದು ಅದಕ್ಕೆ. ಬಜಾರಿನಲ್ಲಿ, ಟ್ರ್ಯಾಕ್ಟರಿನ ಹಿಂದೆ ಕಾರು ತೆವಳುವಾಗ ಆ ಕೆಲಸ ಫ್ಯಾನಿನದು. ಭಾಗ್ಯಾ ಕೂತು ಹೋದದ್ದೆಲ್ಲ ಇಂಥ ದಾರಿಗಳಲ್ಲೇ. ಫ್ಯಾನು ತಿರುಗುತ್ತಿತ್ತು, ಸದ್ದೂ ಕೇಳುತ್ತಿತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಆದರೆ ಗಾಳಿಯನ್ನು ಒಳಗೆ ಎಳೆಯಬೇಕಾದದ್ದು ಹೊರಗೆ ತಳ್ಳುತ್ತಿತ್ತು. ಅದನ್ನು ಹೊಗೆಯೊಂದೇ ಹೇಳಿತ್ತು. ಎರಡು ವೈರು ಅದಲುಬದಲಾದರೆ ಈ ಫ್ಯಾನು ಉಲ್ಟಾ ತಿರುಗುತ್ತದೆ.

"ಹಂಗಾರ ಮೋದಿನನ ತಪ್ಪು," ಎಂದಳು ಕಸ್ತೂರೆವ್ವ.

"ಅವ ಕೊಟ್ಟಾಗ ಪೇಪರ್ ಹಾಳಿ ಜಾಲರಿಗೆ ಅಂಟಿತ್ತು, ಅಂದ್ರ ಫ್ಯಾನು ಗಾಳಿ ಒಳಗ ಎಳೀತಿತ್ತು. ಹಾರ್ನೂ ಹಳೇದ ಇತ್ತು. ಆಮ್ಯಾಲ ಎರಡು ಸ್ವರದ ಹಾರ್ನ್ ಬಂತು, ನಮ್ಮ ಮಡಿವಾಳಪ್ಪ ಕೇಳ್ಯಾನ. ಮೋದಿನ, ಬಾನೆಟ್ ಎತ್ತು."

ರೇಡಿಯೇಟರಿನ ಮಗ್ಗುಲಲ್ಲೇ ಹೊಸ ಹಾರ್ನ್ ಕೂತಿತ್ತು. ಅದರ ವೈರಿಗೆ ಹಸಿರು ಟೇಪು. ಪಕ್ಕದಲ್ಲಿ ಫ್ಯಾನಿನ ವೈರಿಗೂ ಹಸಿರು ಟೇಪೇ. ಕಸ್ತೂರೆವ್ವ ಪಡಸಾಲೆಯ ಗೋಡೆಯ ಚಾರ್ಜರಿನತ್ತ ನೋಡಿದಳು, ಆಮೇಲೆ ಮಗನತ್ತ.

ಅರುಣಕುಮಾರ ನೆಲ ನೋಡುತ್ತಲೇ ಹೇಳಿದ. ಹಾರ್ನಿಗೆ ಜಾಗ ಮಾಡುವಾಗ ಫ್ಯಾನಿನ ಪ್ಲಗ್ ಒಡೆದಿತ್ತು. ವೈರು ಕೂಡಿಸಿದ, ಫ್ಯಾನು ತಿರುಗಿತು, ಸಾಕೆಂದುಕೊಂಡ. ಹೊಗೆ ತಿರುಗಿದ ದಿನ ವೈರು ಉಲ್ಟಾ ಕೂಡಿಸಿದ್ದು ತಿಳಿದಿತ್ತು. ಅಷ್ಟರಲ್ಲಿ ತಾಯಿ ದೇವರ ಹೆಸರು ಎತ್ತಿಬಿಟ್ಟಿದ್ದಳು.

"ತಿಳೀಲಾರದ ಮಾಡಿದ್ದು ಬ್ಯಾರೆ ಮಾತು," ಎಂದಳು ಲಕ್ಕವ್ವ. "ತಿಳಿದ ಮ್ಯಾಲ ಹೆಂಡತಿ ಚೀಲ ಕಟ್ಟೂದು ನೋಡಕೋತ ಕುಂತಿ."

ಮೋದಿನಸಾಬ ವೈರು ಬದಲಿಸಿದ. ಕಸ್ತೂರೆವ್ವನ ಕೈಯ ಕಡ್ಡಿ ಇನ್ನೂ ಉರಿಯುತ್ತಿತ್ತು. ಹೊಗೆ ಈಗ ಎಳೆಯಾಗಿ ಜಾಲರಿಯೊಳಗೆ ಇಳಿಯಿತು. ಅವಳು ಅದನ್ನು ನೋಡಿ, "ಚೀಲ ಒಳಗ ಇಡವ್ವಾ," ಎಂದಳು.

ಭಾಗ್ಯಾ ಚೀಲ ಎತ್ತಿಕೊಂಡಳು. "ತಾಂಬಾಕ್ಕ ಹೋಗೇ ಬರ್ತೇನ್ರಿ ಅತ್ತಿ. ನೀವು ಕಳಸ್ತೇನಂದಿದ್ದಕ್ಕಲ್ಲ. ಕಾರು ಯಾಕ ಕುದೀತಿತ್ತಂತ ನಮ್ಮಪ್ಪಗ ಇವರ ಬಾಯಿಂದನ ಹೇಳಸ್ತೇನಿ." ಗಂಡನತ್ತ ತಿರುಗಿದಳು. "ನಡೀರಿ. ಬಜಾರದಾಗ ಹಾದು ಹೋಗೂಣು."

ಮಡಿವಾಳಪ್ಪ ಓಣಿಯ ಬಾಯಿಗೆ ಬಂದು ನಿಂತ. ಬಜಾರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡವಾಗಿತ್ತು, ಅದರ ಹಿಂದೆ ಕಾರು ಬಹಳ ಹೊತ್ತು ನಿಂತಿತು. ಎಂಜಿನ್ ಕುದಿಯಲಿಲ್ಲ. ಅವನು ಕಿವಿಗೊಟ್ಟು ಕಾದ. ಷಡ್ಜವಿಲ್ಲ, ಪಂಚಮವಿಲ್ಲ. ಅರುಣಕುಮಾರ ಒಮ್ಮೆಯೂ ಹಾರ್ನ್ ಒತ್ತಲಿಲ್ಲ.